ಮನೆಯಲ್ಲಿ ಮಾಡಿ ಪೊಟ್ಟಣ ಕಟ್ಟಿ ಮಾರುವವರು: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯಿಂದ ಆಹಾರ ಪರವಾನಗಿ ನಿಯಮಗಳ ಓದು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಬಯಲು ಸೀಮೆ. ರಾಗಿ, ಕಡಲೆಕಾಯಿ, ಹುಣಸೆ, ಹುಚ್ಚೆಳ್ಳು, ಹುರುಳಿ, ಅವರೆ ಇಲ್ಲಿಯ ಹೊಲಗಳವು. ಮನೆಯಿಂದ ಮಾರಾಟಕ್ಕೆ ಹೊರಡುವ ತಿನಿಸೂ ಇವುಗಳದೇ. ಕಡಲೆ ಮಿಠಾಯಿ, ರಾಗಿ ಹುರಿಹಿಟ್ಟು, ಚಟ್ನಿಪುಡಿ, ಸಾರಿನ ಪುಡಿ, ಹಪ್ಪಳ, ಸಂಡಿಗೆ, ನಿಪ್ಪಟ್ಟು, ಚಕ್ಕುಲಿ, ಬೀಜ ತೆಗೆದ ಹುಣಸೆಹಣ್ಣು. ಇವುಗಳಲ್ಲಿ ಒಂದನ್ನು ಅರ್ಧ ಕಿಲೋ ಪೊಟ್ಟಣ ಮಾಡಿ ಮಾರಲು ಹೊರಟ ಹೆಣ್ಣುಮಗಳಿಗೆ ಕಾನೂನು ಏನು ಹೇಳುತ್ತದೆ, ಹೇಳುವುದರಲ್ಲಿ ಯಾವುದು ಅವಳ ಕಸುಬಿಗೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಎಂದು ನೋಡುವುದು ಈ ಟಿಪ್ಪಣಿಯ ಕೆಲಸ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಕಸುಬು ಆರಂಭಿಸುವ ಹಂತದಲ್ಲಿ ಕಾಯ್ದೆ ಸಣ್ಣವರನ್ನು ತಿಳಿದೇ ಬೇರೆಯಾಗಿ ಕಂಡಿದೆ. ಪೊಟ್ಟಣದ ಮೇಲಿನ ಲೇಬಲ್ ವಿಷಯಕ್ಕೆ ಬಂದಾಗ ಆ ಭೇದವನ್ನು ಬಹುತೇಕ ಕೈಬಿಟ್ಟಿದೆ. ಈ ಸೀಮೆಯ ತಿನಿಸಿನಲ್ಲಿ ನಿಜವಾದ ಅಪಾಯ ಎಲ್ಲಿದೆಯೋ ಅಲ್ಲಿಗೆ ಅರ್ಜಿಯ ನಮೂನೆ ಕಣ್ಣು ಹಾಯಿಸುವುದೇ ಇಲ್ಲ.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬಂದದ್ದು 2006ರಲ್ಲಿ. ಅದರ ನಿಯಮಾವಳಿಗಳು ಜಾರಿಯಾದದ್ದು 2011ರ ಆಗಸ್ಟ್ 5ರಂದು. ಅಲ್ಲಿಯವರೆಗೆ ಇದ್ದದ್ದು 1954ರ ಆಹಾರ ಕಲಬೆರಕೆ ತಡೆ ಕಾಯ್ದೆ, ಅದರ ಜೊತೆಗೆ ಒಂದೊಂದು ಪದಾರ್ಥಕ್ಕೆ ಒಂದೊಂದು ಆದೇಶ. ಹಳೆಯ ಉಪ್ಪಿನಕಾಯಿ ಬಾಟಲಿಗಳ ಮೇಲಿನ ಎಫ್‌ಪಿಒ ಗುರುತು 1955ರ ಹಣ್ಣಿನ ಉತ್ಪನ್ನಗಳ ಆದೇಶದ್ದು. ಅಂದಿನ ಪದ್ಧತಿಯಲ್ಲಿ ಉಪ್ಪಿನಕಾಯಿಗೆ ಒಂದು ಕಚೇರಿ, ಎಣ್ಣೆಗೆ ಇನ್ನೊಂದು, ಹಾಲಿಗೆ ಮತ್ತೊಂದು. ಕಲಬೆರಕೆ ಕಾಯ್ದೆಯಂತೂ ಹಲವು ಅಪರಾಧಗಳಿಗೆ ಕನಿಷ್ಠ ಆರು ತಿಂಗಳ ಸೆರೆವಾಸ ಇಟ್ಟಿತ್ತು. 2006ರ ಕಾಯ್ದೆ ಇವನ್ನೆಲ್ಲ ರದ್ದುಮಾಡಿ ಒಂದೇ ಪ್ರಾಧಿಕಾರದ ಕೆಳಗೆ ತಂದಿತು.

ಮನೆಯಿಂದ ಮಾರುವವರ ಮಟ್ಟಿಗೆ ಈ ಕಾಯ್ದೆಯ ಜೀವಾಳ 31ನೆಯ ಕಲಮು. ಅದರ ಮೊದಲ ಉಪಕಲಮು, ಪರವಾನಗಿ ಇಲ್ಲದೆ ಯಾರೂ ಆಹಾರ ವ್ಯಾಪಾರ ಮಾಡಕೂಡದು ಎನ್ನುತ್ತದೆ. ಎರಡನೆಯದು ಕೂಡಲೇ ಕೆಲವರನ್ನು ಅದರಿಂದ ಹೊರಗಿಡುತ್ತದೆ: ತಾನೇ ತಯಾರಿಸಿ ಮಾರುವ ಸಣ್ಣ ತಯಾರಕರು, ಚಿಲ್ಲರೆಯವರು, ತಲೆಹೊರೆಯ ಮಾರಾಟಗಾರರು, ತಾತ್ಕಾಲಿಕ ಅಂಗಡಿಯವರು, ಗುಡಿ ಕೈಗಾರಿಕೆಯವರು. ಇವರಿಗೆ ಪರವಾನಗಿ ಬೇಡ, ನೋಂದಣಿ ಸಾಕು. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಲ್ಲಿ ಬೆಂಡು, ಬತ್ತಾಸು, ಕಡ್ಲೆಪುರಿ ಹರಡಿಕೊಂಡು ಕೂರುವವರೂ ಈ ಸಾಲಿನವರೇ.

63ನೆಯ ಕಲಮನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಪರವಾನಗಿ ಇಲ್ಲದೆ ವ್ಯಾಪಾರ ಮಾಡಿದವರಿಗೆ ಮೂಲ ಪಾಠದಲ್ಲಿ ಆರು ತಿಂಗಳವರೆಗೆ ಸೆರೆ, 5 ಲಕ್ಷದವರೆಗೆ ದಂಡ. ಶಿಕ್ಷೆಯ ಭಾಗವನ್ನು 2023ರ ಜನ ವಿಶ್ವಾಸ ಕಾಯ್ದೆ ತಿದ್ದಿತು. ಮುಖ್ಯವಾದದ್ದು ಆ ಕಲಮಿನೊಳಗೇ ಇರುವ ಒಂದು ಮಾತು: 31(2)ರಲ್ಲಿ ವಿನಾಯಿತಿ ಪಡೆದವರಿಗೆ ಇದು ಅನ್ವಯಿಸುವುದಿಲ್ಲ. ‘ಲೈಸೆನ್ಸ್ ಇಲ್ಲದಿದ್ದರೆ ಜೈಲು’ ಎಂಬ ಮಾತು ಮನೆಯಲ್ಲಿ ಹಪ್ಪಳ ಒತ್ತಿ ಮಾರುವವಳ ವಿಷಯದಲ್ಲಿ ಕಾಯ್ದೆಯ ಅಕ್ಷರಕ್ಕೆ ಹೊಂದುವುದಿಲ್ಲ. ನೋಂದಣಿ ಮಾಡಿಸುವ ಕರ್ತವ್ಯ ಅವಳಿಗಿದೆ; ಆದರೆ 63ನೆಯ ಕಲಮಿನ ಹೆಸರಿನಲ್ಲಿ ಅವಳನ್ನು ಹೆದರಿಸುವಂತಿಲ್ಲ. ಈ ಒಂದು ವಾಕ್ಯವನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಸಿದರೆ, ಅಂಜಿ ಹಿಂದೆ ಸರಿದ ಎಷ್ಟೋ ಮಂದಿ ನೋಂದಣಿಗೆ ತಾವಾಗಿ ಬರುತ್ತಾರೆಂದು ನಾನು ನಂಬುತ್ತೇನೆ.

ನೋಂದಣಿ ಯಾರಿಗೆ, ಪರವಾನಗಿ ಯಾರಿಗೆ ಎಂಬ ಗೆರೆಯನ್ನು ಎಳೆದದ್ದು 2011ರ ಪರವಾನಗಿ ಮತ್ತು ನೋಂದಣಿ ನಿಯಮಾವಳಿ. ವರ್ಷದ ವಹಿವಾಟು 12 ಲಕ್ಷ ರೂಪಾಯಿ ಮೀರದವರು, ‘ಮತ್ತು/ಅಥವಾ’ ದಿನದ ತಯಾರಿಕೆಯ ಸಾಮರ್ಥ್ಯ 100 ಕಿಲೋ ಇಲ್ಲವೆ 100 ಲೀಟರ್ ಮೀರದವರು ಸಣ್ಣವರು. ಹಾಲಿಗೂ ಮಾಂಸಕ್ಕೂ ಅಳತೆ ಬೇರೆ. ಇವರು ನಮೂನೆ ‘ಎ’ ತುಂಬಿ, ವರ್ಷಕ್ಕೆ 100 ರೂಪಾಯಿಯಂತೆ ಒಂದರಿಂದ ಐದು ವರ್ಷಕ್ಕೆ ಶುಲ್ಕ ಕಟ್ಟಬೇಕು. ಇವು 2011ರ ಪಾಠದ ಅಂಕಿಗಳು. ಶುಲ್ಕ ಮತ್ತು ಮಿತಿಗಳು ತಿದ್ದುಪಡಿಗೆ ಒಳಪಡುವಂಥವು. ಅರ್ಜಿ ಹಾಕುವ ದಿನ ಪ್ರಾಧಿಕಾರದ ಅರ್ಜಿ ಜಾಲತಾಣವಾದ ಫಾಸ್‌ಕಾಸ್‌ನಲ್ಲಿರುವ ಅಂಕಿಯೇ ಪ್ರಮಾಣ.

ಆ ಎರಡು ಅಳತೆಗಳನ್ನು ಪರಸ್ಪರ ಹೋಲಿಸಿ ನೋಡಿದವರು ಕಡಿಮೆ. ದಿನಕ್ಕೆ 100 ಕಿಲೋದಂತೆ ವರ್ಷಕ್ಕೆ 300 ದಿನ ಮಾಡಿದರೆ 30,000 ಕಿಲೋ. ಅದರಿಂದ 12 ಲಕ್ಷ ಬರಬೇಕಾದರೆ ಕಿಲೋಗೆ 40 ರೂಪಾಯಿ ಬೆಲೆ. ಎಂದರೆ ಕಿಲೋಗೆ 40ಕ್ಕಿಂತ ಹೆಚ್ಚು ಬೆಲೆಯ ಯಾವ ತಿನಿಸಾದರೂ 100 ಕಿಲೋ ಮುಟ್ಟುವ ಮೊದಲೇ 12 ಲಕ್ಷದ ಗೆರೆ ಮುಟ್ಟುತ್ತದೆ. ಕಡಲೆ ಮಿಠಾಯಿಯನ್ನು ಕಿಲೋಗೆ 240 ರೂಪಾಯಿಯಂತೆ ಮಾರಿದರೆ ವರ್ಷಕ್ಕೆ 5,000 ಕಿಲೋ, ದಿನಕ್ಕೆ ಹದಿನಾರು ಹದಿನೇಳು ಕಿಲೋಗೇ ಮಿತಿ ಬಂತು. ತೂಕದ ಮಾತು ಇಲ್ಲಿಯ ತಿನಿಸಿಗೆ ಹೆಸರಿಗಷ್ಟೆ. ನಿಜವಾದ ಗೆರೆ ರೂಪಾಯಿಯದು. ಅದೂ ಲಾಭದ ರೂಪಾಯಿಯಲ್ಲ, ವಹಿವಾಟಿನದು. ಕಡಲೆಬೀಜ, ಬೆಲ್ಲ, ಎಣ್ಣೆ, ಗ್ಯಾಸ್ ದುಬಾರಿಯಾದಾಗ ಮಾಡುವ ಮಾಲು ಒಂದು ಕಿಲೋ ಹೆಚ್ಚದಿದ್ದರೂ ವಹಿವಾಟು ಹೆಚ್ಚುತ್ತದೆ, ಕೈಯಲ್ಲಿ ಉಳಿಯುವುದು ಕಡಿಮೆಯಾಗಿದ್ದರೂ ‘ದೊಡ್ಡವರ’ ಸಾಲಿಗೆ ಸರಿಯಬೇಕಾಗುತ್ತದೆ. ಗೆರೆಯನ್ನು ‘ಮತ್ತು’ ಎಂದು ಓದಬೇಕೋ ‘ಅಥವಾ’ ಎಂದು ಓದಬೇಕೋ ಎಂಬುದನ್ನು ನಿಯಮ ಬರೆದವರೇ ಬಗೆಹರಿಸಬೇಕಿತ್ತು. ದಂಡ ಹಾಕುವ ಕಾನೂನಿನಲ್ಲಿ ಇಂಥ ಸಂದೇಹದ ಲಾಭ ಸಣ್ಣವರಿಗೇ ಸಿಗಬೇಕು.

ಅರ್ಜಿ ಕೊಟ್ಟ ಏಳು ದಿನದೊಳಗೆ ಅಧಿಕಾರಿ ನೋಂದಣಿ ಕೊಡಬೇಕು, ಇಲ್ಲವೆ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವೆ ಸ್ಥಳ ಪರಿಶೀಲನೆಗೆ ನೋಟಿಸು ಕೊಡಬೇಕು. ಏಳು ದಿನದಲ್ಲಿ ಯಾವುದೂ ಆಗದಿದ್ದರೆ, ಅಥವಾ ಪರಿಶೀಲನೆಗೆಂದು ಹೇಳಿ 30 ದಿನದೊಳಗೆ ನಿರ್ಧಾರ ತಿಳಿಸದಿದ್ದರೆ, ಅರ್ಜಿದಾರರು ಕಸುಬು ಆರಂಭಿಸಬಹುದು. ಇದು ಒಳ್ಳೆಯ ನಿಯಮ. ಸಿಗುವ ಸಂಖ್ಯೆ 14 ಅಂಕಿಯದು. ಮೊದಲ ಅಂಕಿ 1 ಇದ್ದರೆ ಪರವಾನಗಿ, 2 ಇದ್ದರೆ ನೋಂದಣಿ; ಮುಂದಿನ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. ಪೊಟ್ಟಣದ ಮೇಲೆ 212 ಎಂದು ಆರಂಭವಾಗುವ ಸಂಖ್ಯೆ ಕಂಡರೆ ಅದು ನಮ್ಮ ರಾಜ್ಯದ ಸಣ್ಣ ತಯಾರಕರದು ಎಂದು ಕೊಳ್ಳುವವರು ತಿಳಿಯಬಹುದು.

ಆದರೆ ನವೀಕರಣದ ನಿಯಮ ಇದೇ ಕೈ ಬರೆದದ್ದೇ ಎಂದು ಅನುಮಾನ ಬರುವಷ್ಟು ಕಟು. 2011ರ ಪಾಠದಂತೆ ಅವಧಿ ಮುಗಿಯುವ 30 ದಿನ ಮೊದಲೇ ಅರ್ಜಿ ಹಾಕಬೇಕು. ತಡವಾದ ಪ್ರತಿ ದಿನಕ್ಕೆ 100 ರೂಪಾಯಿ. ಕಾರ್ಖಾನೆಯವರಿಗೂ ಅದೇ 100, ಮನೆಯವರಿಗೂ ಅದೇ 100. ಸಾವಿರಗಟ್ಟಲೆ ಶುಲ್ಕ ಕಟ್ಟುವವರಿಗೆ ಅದು ಚಿಲ್ಲರೆ. ವರ್ಷದ ಶುಲ್ಕವೇ 100 ಆಗಿರುವವಳಿಗೆ ಹತ್ತು ದಿನದ ಮರೆವು ಹತ್ತು ವರ್ಷದ ಶುಲ್ಕಕ್ಕೆ ಸಮ.

ಈಗ ಹುಣಸೆಯ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕಾಯ್ದೆಯ ಒಳಗೂ ಹೊರಗೂ ಒಂದೇ ಕಾಲದಲ್ಲಿ ನಿಂತಿರುವ ಪದಾರ್ಥ ಅದು. ಕಾಯ್ದೆಯ 18(3)ನೆಯ ಕಲಮು ರೈತನಿಗೆ, ಬೇಸಾಯಕ್ಕೆ, ರೈತ ತನ್ನ ಜಮೀನಿನ ಮಟ್ಟದಲ್ಲಿ ಬೆಳೆದುದಕ್ಕೆ ಕಾಯ್ದೆ ಅನ್ವಯಿಸುವುದಿಲ್ಲ ಎನ್ನುತ್ತದೆ. ತನ್ನ ಮರದ ಹುಣಸೆಯನ್ನು ಬಡಿದು, ಒಣಗಿಸಿ, ಮಂಡಿಗೆ ಹಾಕುವ ರೈತನಿಗೆ ನೋಂದಣಿ ಬೇಡ. ಅದೇ ಹಣ್ಣನ್ನು ನೆರೆಮನೆಯವರು ಕೊಂಡು, ಸಿಪ್ಪೆ ನಾರು ಬೀಜ ತೆಗೆದು, ಅರ್ಧ ಕಿಲೋ ಪೊಟ್ಟಣ ಮಾಡಿ ಹೆಸರು ಹಾಕಿ ಮಾರಿದರೆ ಅದು ಆಹಾರ ವ್ಯಾಪಾರ. ಇವೆರಡರ ನಡುವೆ ಇರುವವರು ಬಹಳ. ತನ್ನ ಮರದ ಹಣ್ಣನ್ನೇ ಮನೆಯವರು ಬಿಡಿಸಿ, ಕುಟ್ಟಿ, ಉಪ್ಪು ಬೆರೆಸಿ ಉಂಡೆ ಕಟ್ಟಿ ಮಾರಿದರೆ? ಕೂಲಿಗೆ ಬೀಜ ತೆಗೆದುಕೊಟ್ಟು ಮಾಲನ್ನು ವ್ಯಾಪಾರಿಗೆ ಹಿಂತಿರುಗಿಸುವ ಮನೆ? ಮೊದಲನೆಯದರಲ್ಲಿ ‘ಜಮೀನಿನ ಮಟ್ಟ’ ಎಲ್ಲಿ ಮುಗಿಯಿತು ಎಂಬುದೇ ಪ್ರಶ್ನೆ. ಉಪ್ಪು ಬೆರೆಸಿ ಪೊಟ್ಟಣ ಮಾಡಿದಲ್ಲಿ ಅದು ಮುಗಿಯಿತೆಂದು ಓದುವುದು ನನಗೆ ಸರಿ ಕಾಣುತ್ತದೆ. ಎರಡನೆಯದರಲ್ಲಿ ಮಾರಾಟ ಕೂಲಿಯವರದಲ್ಲ, ಮಾಲು ವ್ಯಾಪಾರಿಯದು. ಹೊಣೆಯೂ ಅವನದೇ ಆಗಬೇಕು. ಬೇಸಿಗೆಯುದ್ದಕ್ಕೂ ಮನೆಯ ಪಡಸಾಲೆಯಲ್ಲಿ ಕೂತು ಹುಣಸೆ ಬಿಡಿಸುವ ಕೂಲಿ ಹೆಂಗಸರ ತಲೆಗೆ ನೋಂದಣಿಯ ಹೊಣೆ ಕಟ್ಟುವುದು ಅನ್ಯಾಯ.

ನಿಯಮಾವಳಿಯ ಮೂಲ ದೋಷವೆಂದು ನನಗೆ ಕಾಣುವುದು, ಅದು ತಿನಿಸಿನ ಗಾತ್ರ ನೋಡುತ್ತದೆ, ಗುಣ ನೋಡುವುದಿಲ್ಲ ಎಂಬುದು. ಅಮೆರಿಕದ ಕ್ಯಾಲಿಫೋರ್ನಿಯಾ 2012ರಲ್ಲಿ ಮಾಡಿಕೊಂಡು 2013ರ ಜನವರಿಯಿಂದ ಜಾರಿಗೆ ತಂದ ಮನೆಯಡುಗೆಯ ಕಾನೂನು ವಹಿವಾಟಿನ ಮಿತಿಯ ಜೊತೆಗೆ ಪದಾರ್ಥಗಳ ಒಂದು ಪಟ್ಟಿಯನ್ನೂ ಇಟ್ಟಿತು: ಹೊರಗಿಟ್ಟರೂ ಕೆಡದ ಒಣ ತಿನಿಸು, ಜಾಮು, ರೊಟ್ಟಿ ಮೊದಲಾದವು ಮನೆಯಲ್ಲಿ ಮಾಡಬಹುದಾದವು, ತಂಪಿನಲ್ಲಿಡದಿದ್ದರೆ ವಿಷವಾಗಬಹುದಾದವು ಅಲ್ಲಿ ಇಲ್ಲ. ಲೇಬಲ್ ಮೇಲೆ ಇದು ಮನೆಯ ಅಡುಗೆಮನೆಯಲ್ಲಿ ಮಾಡಿದ್ದು ಎಂದು ಬರೆಯಲೇಬೇಕು. ನಮ್ಮಲ್ಲಿ ಹಾಲು, ಮಾಂಸ ಬಿಟ್ಟರೆ ಇಂಥ ವಿಂಗಡಣೆ ನೋಂದಣಿಯ ಗೆರೆಯಲ್ಲಿ ಇಲ್ಲ. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಬೊಂಬಾಯಿ ಮಿಠಾಯಿಗೆ ರೊಡಮೈನ್-ಬಿ ಬಣ್ಣ ಹಾಕುವುದನ್ನು ತಡೆದಾಗ ಮಾತ್ರ ನೇರವಾಗಿ ಅಪಾಯವನ್ನೇ ಹಿಡಿದು ಮಾತಾಡಿತು. ಮಾರುವವನು ಎಷ್ಟು ಕಿಲೋ ಮಾರುತ್ತಾನೆ ಎಂದು ಕೇಳಲಿಲ್ಲ.

ಗುಣ ನೋಡಿದರೆ ಈ ಸೀಮೆಯ ತಿನಿಸಿನಲ್ಲಿ ಏನು ಕಾಣುತ್ತದೆ? ಮೊದಲನೆಯದು ಕಡಲೆಕಾಯಿಯ ಬೂಷ್ಟು. ಆಸ್ಪರ್ಜಿಲಸ್ ಜಾತಿಯ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವ ವಿಷ. ಕಾಯಿ ಕಟ್ಟುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ ಅದು ಹೊಲದಲ್ಲೇ ಸೇರುತ್ತದೆ. ಕಿತ್ತ ಮೇಲೆ ಮಳೆ ಹಿಡಿದು ಬಣವೆ ನೆನೆದರೆ ಕಣದಲ್ಲಿ ಬೆಳೆಯುತ್ತದೆ. ಪಾವಗಡ, ಮಧುಗಿರಿ, ಶಿರಾದ ಮಳೆ ಈ ಎರಡು ಆಟವನ್ನೂ ಆಡುತ್ತದೆ. ನೇರವಾಗಿ ತಿನ್ನುವ ಕಡಲೆಬೀಜಕ್ಕೆ ನಿಯಮ ಇಟ್ಟ ಮಿತಿ ಕಿಲೋಗೆ 10 ಮೈಕ್ರೋಗ್ರಾಂ. ಹುರಿದರೆ ಈ ವಿಷ ಸ್ವಲ್ಪ ಕುಗ್ಗುತ್ತದೆ, ಹೋಗುವುದಿಲ್ಲ. ಕಣ್ಣಿಗೂ ಕಾಣದು, ನಾಲಿಗೆಗೂ ತಿಳಿಯದು. ಅದನ್ನು ದೂರವಿಡುವ ಉಪಾಯ ಮಾತ್ರ ಮನೆಯ ಕೈಯಲ್ಲೇ ಇದೆ: ಬೀಜದ ತೇವ ಶೇ 7–8ಕ್ಕೆ ಇಳಿಯುವವರೆಗೆ ಒಣಗಿಸುವುದು, ಎಂದರೆ ಅಲ್ಲಾಡಿಸಿದರೆ ಕಾಯಿಯೊಳಗೆ ಬೀಜ ಗಿಲಗಿಲ ಎನ್ನುವವರೆಗೆ, ಸುಕ್ಕಿದ, ಕಪ್ಪಾದ, ಒಡೆದ ಬೀಜವನ್ನು ಆರಿಸಿ ತೆಗೆಯುವುದು. ವಿಷದ ಬಹುಪಾಲು ಕೆಲವೇ ಕೆಟ್ಟ ಬೀಜಗಳಲ್ಲಿ ಸೇರಿರುವುದರಿಂದ ಮೊರದ ಮುಂದೆ ಕೂತು ಆರಿಸುವ ಕೆಲಸ ಕಾರ್ಖಾನೆಯ ಎಷ್ಟೋ ಯಂತ್ರಗಳಷ್ಟೇ ಬೆಲೆಯುಳ್ಳದ್ದು. ಆರಿಸಿ ಬಿಟ್ಟ ಜೊಳ್ಳನ್ನು ಅಗ್ಗಕ್ಕೆ ಕೊಂಡು ಚಟ್ನಿಪುಡಿಗೆ ಹಾಕಿದರೆ ಆ ಶ್ರಮವೆಲ್ಲ ವ್ಯರ್ಥ. ನಮೂನೆ ‘ಎ’ಯಲ್ಲಿ ಬೀಜ ಎಲ್ಲಿಂದ ತಂದಿರಿ, ಹೇಗೆ ಒಣಗಿಸಿದಿರಿ, ಆರಿಸಿದಿರಾ ಎಂಬ ಪ್ರಶ್ನೆ ಇಲ್ಲ. ಆ ಮೂರು ಪ್ರಶ್ನೆ ಇದ್ದಿದ್ದರೆ ಅದೇ ಒಂದು ಪಾಠವಾಗುತ್ತಿತ್ತು.

ಎರಡನೆಯದು ನೀರು. ನಿಯಮಾವಳಿಯ ನಾಲ್ಕನೆಯ ಅನುಸೂಚಿ ಸಣ್ಣವರಿಗೆ ಹೇಳುವ ಶುಚಿತ್ವದ ಮಾತುಗಳಲ್ಲಿ, ತಯಾರಿಕೆಗೆ ಬಳಸುವ ನೀರು ಕುಡಿಯಲು ಯೋಗ್ಯವಾಗಿರಬೇಕು ಎಂಬುದೂ ಒಂದು. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಮೂಳೆಗಳ ಮೇಲೆ ಅದರ ಪೆಟ್ಟು ಆ ತಾಲ್ಲೂಕಿನ ಹಳೆಯ ನೋವು. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಒಪ್ಪುವ ಮಿತಿ, ಬೇರೆ ನೀರಿಲ್ಲದಲ್ಲಿ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಏರುತ್ತದೆ. ಹಾಗಾಗಿ ಎಲ್ಲ ತಿನಿಸಿಗೂ ಒಂದೇ ಮಾತು ಹೊಂದದು. ಕಡಲೆ ಮಿಠಾಯಿಯ ಪಾಕಕ್ಕೆ ಬೇಕಾದ ನೀರು ಅಲ್ಪ. ಸಂಡಿಗೆಯ ಹಿಟ್ಟು ಬೇಯಿಸಲು ನೀರು ಧಾರಾಳ. ಬಿಸಿಲಿನಲ್ಲಿ ನೀರು ಆರಿ ಹೋದಾಗ ಫ್ಲೋರೈಡ್ ಸಂಡಿಗೆಯಲ್ಲೇ ಉಳಿಯುತ್ತದೆ. ಈ ಕಡೆ ಸಂಡಿಗೆ ಮಾಡುವವರು ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನು ತಂದು ಅದಕ್ಕೆ ಬಳಸುವುದು ನಿಯಮದ ಅಕ್ಷರಕ್ಕೂ ಆಶಯಕ್ಕೂ ಸರಿ. ಕರಿದ ತಿನಿಸಿನವರಿಗೆ ಬೇರೆ ಎಚ್ಚರ: ಮತ್ತೆಮತ್ತೆ ಕಾಯಿಸಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ 25 ಮೀರಕೂಡದು ಎಂಬ ನಿಯಮ 2018ರ ಜುಲೈ 1ರಿಂದ ಇದೆ.

ಇನ್ನು ಲೇಬಲ್. ಸಂತೆಯಲ್ಲಿ ತಕ್ಕಡಿಗೆ ಹಾಕಿ ಬಿಡಿಯಾಗಿ ಮಾರಿದರೆ ಲೇಬಲ್ ಪ್ರಶ್ನೆ ಇಲ್ಲ. ಮೊದಲೇ ತೂಗಿ ಪೊಟ್ಟಣಕ್ಕೆ ಹಾಕಿ ಬಾಯಿ ಮುಚ್ಚಿದ ಕ್ಷಣ ಎರಡು ಇಲಾಖೆಗಳ ನಿಯಮ ಒಟ್ಟಿಗೆ ಬಂದು ಕೂಡುತ್ತವೆ. 2020ರ ಲೇಬಲಿಂಗ್ ನಿಯಮಾವಳಿ ತಿನಿಸಿನ ಹೆಸರು, ತೂಕದ ಇಳಿಕೆಯ ಕ್ರಮದಲ್ಲಿ ಪದಾರ್ಥಗಳು, ಪೋಷಕಾಂಶಗಳ ವಿವರ, ಸಸ್ಯಾಹಾರದ ಹಸಿರು ಗುರುತು, ತಯಾರಕರ ಪೂರ್ಣ ವಿಳಾಸ, ನೋಂದಣಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ, ಬಳಸಬೇಕಾದ ಕೊನೆಯ ದಿನ ಕೇಳುತ್ತದೆ. ಅಲರ್ಜಿ ತರುವ ಪದಾರ್ಥಗಳ ಪಟ್ಟಿಯಲ್ಲಿ ಕಡಲೆಬೀಜವೂ ಇದೆ. ಚಟ್ನಿಪುಡಿಗೆ ಬೆರೆಸಿದ್ದರೆ ಹೇಳಲೇಬೇಕು. ಕಾನೂನು ಮಾಪನಶಾಸ್ತ್ರ ಇಲಾಖೆಯ 2011ರ ಪೊಟ್ಟಣ ಸರಕುಗಳ ನಿಯಮ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಲು ವಿಳಾಸ ಕೇಳುತ್ತದೆ, ತಯಾರಕರ ಪ್ರತ್ಯೇಕ ನೋಂದಣಿಯನ್ನೂ ಕೇಳುತ್ತದೆ. 10 ಗ್ರಾಂ ಮೀರದ ಪೊಟ್ಟಣಕ್ಕೆ ಅಲ್ಲಿ ವಿನಾಯಿತಿ. ಆಹಾರ ನೋಂದಣಿ ಮಾಡಿಸಿದ ಮೇಲೆ ಎಲ್ಲ ಮುಗಿಯಿತು ಎಂದುಕೊಂಡವರು ಎಡವುವುದು ಈ ಎರಡನೆಯ ನೋಂದಣಿಯಲ್ಲಿ, ತಕ್ಕಡಿಗೆ ಹಾಕಿಸಬೇಕಾದ ಮುದ್ರೆಯಲ್ಲಿ.

ಶಿಕ್ಷೆಯ ಅಸಮತೋಲ ಕಾಣುವುದೂ ಇಲ್ಲೇ. ಕೊಳ್ಳುವವನು ಕೇಳಿದ ಗುಣದ ಆಹಾರ ಕೊಡದಿದ್ದರೆ 50ನೆಯ ಕಲಮಿನಂತೆ ದಂಡ 5 ಲಕ್ಷದವರೆಗೆ; ಆದರೆ 31(2)ರ ಸಣ್ಣವರಿಗೆ ಅದೇ ಕಲಮು 25,000 ರೂಪಾಯಿಯ ಮಿತಿ ಹಾಕಿದೆ. ಲೇಬಲ್ ತಪ್ಪಿಗೆ ಸಂಬಂಧಿಸಿದ 52ನೆಯ ಕಲಮಿನ ದಂಡ 3 ಲಕ್ಷದವರೆಗೆ. ಅಲ್ಲಿ ಸಣ್ಣವರಿಗೆಂದು ಒಂದು ಸಾಲೂ ಇಲ್ಲ. ಮಾಲಿನ ಗುಣ ತಪ್ಪಿದವಳಿಗಿಂತ ಬರಹ ತಪ್ಪಿದವಳು ಹೆಚ್ಚು ತೆರಬೇಕಾಗಬಹುದು. ತಪ್ಪನ್ನು ತಿದ್ದಿಸುವ ಆದೇಶ ಕೊಡಲು ಆ ಕಲಮಿನಲ್ಲೇ ಅವಕಾಶವಿದೆ. ದಂಡ ನಿಗದಿ ಮಾಡುವಾಗ ಲಾಭ, ನಷ್ಟ, ಪುನರಾವರ್ತನೆಗಳನ್ನು ನೋಡಬೇಕೆಂದು 49ನೆಯ ಕಲಮು ಹೇಳುತ್ತದೆ. ನ್ಯಾಯನಿರ್ಣಯ ಮಾಡುವ ಅಧಿಕಾರಿಗಳು ಮನೆಯ ಕಸುಬಿನ ಮಟ್ಟಿಗೆ ಇವನ್ನೇ ಮೊದಲು ಬಳಸಬೇಕು.

ಭಾಷೆಯ ವಿಷಯ ನನಗೆ ಎಲ್ಲಕ್ಕಿಂತ ಗಂಭೀರ. ಆಹಾರ ಲೇಬಲ್ ನಿಯಮವೂ ಮಾಪನಶಾಸ್ತ್ರದ ನಿಯಮವೂ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕೆನ್ನುತ್ತವೆ. ಬೇರೆ ಭಾಷೆ ಜೊತೆಗಿದ್ದರೆ ಅಡ್ಡಿಯಿಲ್ಲ. ಮಿಡಿಗೇಶಿಯ ಸಂತೆಗೆಂದು ಮಾಡಿದ ಹುರಿಹಿಟ್ಟಿನ ಮೇಲೆ ಎಲ್ಲವನ್ನೂ ಅಚ್ಚುಕಟ್ಟಾಗಿ ಕನ್ನಡದಲ್ಲಿ ಮಾತ್ರ ಬರೆದವಳು ಕಾನೂನಿನ ಕಣ್ಣಿನಲ್ಲಿ ಲೇಬಲ್ ತಪ್ಪಿದವಳು. ಮಾಡುವವಳಿಗೂ ಕೊಳ್ಳುವವಳಿಗೂ ಓದಲು ಬಾರದ ಭಾಷೆಯಲ್ಲಿ ‘ಇದರಲ್ಲಿ ಕಡಲೆಬೀಜವಿದೆ’ ಎಂದು ಬರೆದರೆ ಅದು ಯಾರನ್ನು ಕಾಯುತ್ತದೆ? ಐರೋಪ್ಯ ಒಕ್ಕೂಟದ 1169/2011ನೆಯ ನಿಯಮ, ಮಾಲು ಮಾರಾಟವಾಗುವ ದೇಶದ ಗ್ರಾಹಕರಿಗೆ ಸುಲಭವಾಗಿ ತಿಳಿಯುವ ಭಾಷೆಯಲ್ಲಿ ವಿವರ ಇರಬೇಕೆಂದು ಹೇಳಿ ಈ ಪ್ರಶ್ನೆಯನ್ನು ಬಗೆಹರಿಸಿತು. ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, ಇಲ್ಲಿ ತಯಾರಾದ ಸರಕಿನ ಮೇಲೆ ಕನ್ನಡವೂ ಇರಬೇಕು ಎನ್ನುತ್ತದೆ. ಎರಡೂ ಪಾಲಿಸಬೇಕಾದ ಮನೆಯ ಕಸುಬಿನವರ ಅಂಗೈಯಗಲದ ಲೇಬಲ್ ಮೇಲೆ ಎರಡು ಭಾಷೆ ಹಿಡಿಯಬೇಕು. ಒಂದೇ ಜಿಲ್ಲೆಯೊಳಗೆ ಮಾರುವ ನೋಂದಾಯಿತರಿಗೆ ಆ ರಾಜ್ಯದ ಭಾಷೆಯೊಂದೇ ಸಾಕು ಎಂದು ತಿದ್ದುವುದು ಕೇಂದ್ರದ ಪ್ರಾಧಿಕಾರಕ್ಕೆ ಕಷ್ಟದ ಕೆಲಸವಲ್ಲ.

ಪಾವಗಡದವರಿಗೆ ಇನ್ನೊಂದು ತೊಡಕು ಭೂಪಟದಿಂದ ಬಂದದ್ದು. ತಾಲ್ಲೂಕನ್ನು ಮೂರು ಕಡೆ ಆಂಧ್ರಪ್ರದೇಶ ಸುತ್ತುವರಿದಿದೆ. ಮಡಕಶಿರಾ, ಹಿಂದೂಪುರ ಹತ್ತಿರದ ಪೇಟೆಗಳು. ಸರಕು ಮಾತ್ರ ಮಾರುವವರಿಗೆ ಕರ್ನಾಟಕದೊಳಗೆ ವರ್ಷಕ್ಕೆ 40 ಲಕ್ಷದವರೆಗೆ ಜಿಎಸ್‌ಟಿ ನೋಂದಣಿ ಬೇಡ. ಆದರೆ ತೆರಿಗೆಗೆ ಒಳಪಡುವ ಸರಕನ್ನು ಇನ್ನೊಂದು ರಾಜ್ಯಕ್ಕೆ ಕಳಿಸಿದರೆ ವಹಿವಾಟು ಎಷ್ಟೇ ಇರಲಿ ನೋಂದಣಿ ಕಡ್ಡಾಯ. ಹಿಂದೂಪುರದ ಅಂಗಡಿಗೆ ವಾರಕ್ಕೆ ಎರಡು ಡಬ್ಬ ಮಿಠಾಯಿ ಕಳಿಸುವವಳು ಈ ಬಲೆಗೆ ಬೀಳುತ್ತಾಳೆ. ಅಷ್ಟೇ ಮಿಠಾಯಿಯನ್ನು ಬೆಂಗಳೂರಿಗೆ ಕಳಿಸುವ ಕೊರಟಗೆರೆಯವಳು ಬೀಳುವುದಿಲ್ಲ.

ನೆರವಿನ ಕಡೆಯಿಂದ ಹೇಳುವುದಾದರೆ, 2020ರ ಜೂನ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆ, ಸಾಲ ಪಡೆದು ಹೂಡುವ ಘಟಕದ ವೆಚ್ಚದ ಶೇ 35ರಷ್ಟು, 10 ಲಕ್ಷ ರೂಪಾಯಿ ಮೀರದಂತೆ ಸಹಾಯಧನ ಇಟ್ಟಿತು, ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿ ಬೀಜಧನ ಇಟ್ಟಿತು. ರಾಜ್ಯದಲ್ಲಿ ಅದನ್ನು ನಡೆಸಿದ್ದು ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮವಾದ ಕೆಪೆಕ್. ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಪಟ್ಟಿಯಲ್ಲಿ ತುಮಕೂರಿಗೆ ಬಂದದ್ದು ತೆಂಗು. ತಿಪಟೂರು, ತುರುವೇಕೆರೆ ಕಡೆಗೆ ಅದು ಸಹಜ. ಕಡಲೆಕಾಯಿ, ಹುಣಸೆಯ ಈ ತಾಲ್ಲೂಕುಗಳಿಗೆ ಜಿಲ್ಲೆಯ ಗುರುತು ಹೊಂದುವುದಿಲ್ಲ.

ಸಂಘದ ಹೆಸರಿನಲ್ಲಿ ಮಾರುವವರ ಒಂದು ಪ್ರಶ್ನೆ ಉಳಿಯಿತು. ಹತ್ತು ಮನೆಗಳಲ್ಲಿ ಮಾಡಿ ಒಂದೇ ಹೆಸರಿನಲ್ಲಿ ಪೊಟ್ಟಣ ಮಾಡಿದರೆ ನೋಂದಣಿ ಯಾವ ವಿಳಾಸಕ್ಕೆ? ಪೊಟ್ಟಣ ಮಾಡುವ ಜಾಗವನ್ನು ಮಾತ್ರ ನೋಂದಾಯಿಸಿದರೆ ಒಲೆ ಉರಿಯುವ ಮನೆಗಳು ಕಣ್ಣಿಗೆ ಬೀಳವು. ಹತ್ತೂ ಮನೆಗಳನ್ನು ಬೇರೆಬೇರೆಯಾಗಿ ನೋಂದಾಯಿಸಿ, ಸಂಘದ ಜಾಗಕ್ಕೂ ಒಂದು ಪಡೆಯುವುದು ಎಚ್ಚರದ ದಾರಿ. 2011ರ ಶುಲ್ಕದ ಲೆಕ್ಕದಲ್ಲಿ ಒಟ್ಟು ವರ್ಷಕ್ಕೆ 1,100 ರೂಪಾಯಿ. ಮನೆಮನೆಯ ಲೆಕ್ಕ ಬೇರೆಯಾದರೂ ಒಟ್ಟು ಮಾರಾಟ ಸಂಘದ ಪುಸ್ತಕದಲ್ಲಿ ಬರುವುದರಿಂದ ವಹಿವಾಟಿನ ಗೆರೆಯನ್ನು ಸಂಘವೇ ಗಮನಿಸುತ್ತಿರಬೇಕು. ಬ್ಯಾಚ್ ಸಂಖ್ಯೆಯ ಪ್ರಯೋಜನ ತಿಳಿಯುವುದೂ ಇಂಥಲ್ಲೇ. ಮನೆಯ ಕ್ರಮಸಂಖ್ಯೆ, ಮಾಡಿದ ದಿನ ಇವೆರಡನ್ನೇ ಸೇರಿಸಿ, ಮೂರನೆಯ ಮನೆಯಲ್ಲಿ ನವೆಂಬರ್ 12ರಂದು ಆದದ್ದಕ್ಕೆ 3-1211 ಎಂದು ಪೊಟ್ಟಣದ ಮೇಲೆ ಬರೆದು, ಅಂದು ತಂದ ಕಡಲೆಬೀಜ ಯಾರ ಕಣದ್ದು ಎಂಬುದನ್ನು ಒಂದು ನೋಟುಪುಸ್ತಕದಲ್ಲಿ ಗುರುತು ಹಾಕಿದರೆ ಸಾಕು. ಎಂದಾದರೂ ಮಾದರಿ ಪರೀಕ್ಷೆಯಲ್ಲಿ ಬೂಷ್ಟಿನ ವಿಷ ಕಂಡರೆ ಆ ಮನೆಯ ಆ ದಿನದ ಮಾಲನ್ನೂ, ಅದೇ ಕಣದ ಬೀಜ ಕೊಂಡ ಬೇರೆ ಮನೆಯ ಮಾಲನ್ನೂ ಅಂಗಡಿಯಿಂದ ಹಿಂದಕ್ಕೆ ತರಿಸಬಹುದು. ಉಳಿದವರ ಮಾರಾಟ ನಿಲ್ಲಬೇಕಾಗಿಲ್ಲ.